ಎಡಕ್ಕೆಳೆಯುವ ರೆಕ್ಕೆ

ಮುರುಗೇಂದ್ರಪ್ಪನವರ ಬಾಯಿಂದ ಒಂದು ವಸ್ತುವಿನ ಗುಣ ಹೊರಬೀಳಬೇಕಾದರೆ ಅದಕ್ಕೆ ಮುಂಚೆ ಅದರ ನಾಲ್ಕು ಕುಂದುಗಳಾದರೂ ಹೊರಬಿದ್ದು ದಾರಿ ಮಾಡಿಕೊಡಬೇಕು. ಚಳ್ಳಕೆರೆಯಲ್ಲಿ ಶೇಂಗಾ ಎಣ್ಣೆಯ ಮಿಲ್ಲು ನಡೆಸುವ ಮನೆತನದಲ್ಲಿ ಹುಟ್ಟಿದ ಈ ಮನುಷ್ಯ, ಪ್ರಾಯದಲ್ಲಿ ಗಿರಾಕಿಯ ಎದುರಿಗೆ ತಮ್ಮದೇ ಮಿಲ್ಲಿನ ಡಬ್ಬಿಯನ್ನಿಟ್ಟುಕೊಂಡು, "ಮೊದ್ಲು ಕುಂದು ಕೇಳ್ರಿ, ಈ ಸಲದ ಕಾಯಿ ಸ್ವಲ್ಪ ಮುಗ್ಗಿತ್ತು" ಎಂದು ವ್ಯಾಪಾರ ಶುರುಮಾಡುತ್ತಿದ್ದರಂತೆ. ಆರು ತಿಂಗಳು ಹಲ್ಲು ಕಚ್ಚಿಕೊಂಡು ನೋಡಿದ ತಂದೆ, ಮಗನನ್ನು ಗದ್ದುಗೆಯಿಂದ ಎಬ್ಬಿಸಿ ಯಂತ್ರಗಳ ಕಡೆಗೆ ಅಟ್ಟಿದರು. ಯಂತ್ರಗಳಿಗೂ ಇವರಿಗೂ ಚೆನ್ನಾಗಿ ಹೊಂದಿತು, ಏಕೆಂದರೆ ತನ್ನ ಕುಂದನ್ನು ಯಾರಾದರೂ ಎತ್ತಿ ಆಡಿದರೆ ಯಂತ್ರ ಮುಖ ಊದಿಸಿಕೊಳ್ಳುವುದಿಲ್ಲ.

ಕೊಂಡ್ಲಹಳ್ಳಿಗೆ ಹೆಣ್ಣು ನೋಡಲು ಬಂದಾಗಲೂ ಇದೇ ಕಥೆ. ಉಪ್ಪಿಟ್ಟಿನ ತಟ್ಟೆ ಕೈಗೆ ಬರುವ ಮೊದಲೇ ಭಾವೀ ಮಾವನವರ ಎದುರು ಕುಳಿತು, ತಮಗೆ ಸಿಟ್ಟು ಮೂಗಿನ ತುದಿಯಲ್ಲಿದೆಯೆಂದೂ, ಗೊರಕೆ ಹೊಡೆಯುತ್ತಾರೆಂದೂ, ಎಣ್ಣೆ ವ್ಯಾಪಾರಕ್ಕೆ ನಾಲಾಯಕ್ಕೆಂದೂ, ಸಂಪಾದಿಸಿದ್ದನ್ನೆಲ್ಲ ಫ್ಲೈಯಿಂಗ್ ಕ್ಲಬ್ಬಿಗೆ ಸುರಿದು ವಿಮಾನ ಹಾರಿಸುವುದನ್ನು ಕಲಿತಿದ್ದಾರೆಂದೂ, ಆ ಚಟ ಬಿಡುವ ಲಕ್ಷಣವಿಲ್ಲವೆಂದೂ ಒಂದೊಂದಾಗಿ ಹೇಳಿ ಮುಗಿಸಿದರು. ಇಂಥ ಪ್ರಾಮಾಣಿಕ ಹುಡುಗ ದೀಪ ಹಚ್ಚಿ ಹುಡುಕಿದರೂ ಸಿಗುವುದಿಲ್ಲವೆಂದು ಮಾವನವರು ಅಲ್ಲಿಯೇ ಕರಗಿಹೋದರು. ಬಾಗಿಲ ಹಿಂದೆ ನಿಂತಿದ್ದ ಸುಲೋಚನಮ್ಮನೂ ಕರಗಿದ್ದು ನಿಜ. ನಲವತ್ತೈದು ವರ್ಷ ಸಂಸಾರ ಮಾಡಿದ ಮೇಲೆ ಈಗ ಆಕೆಗೆ ಆ ಪ್ರಾಮಾಣಿಕತೆಯ ಒಳಮರ್ಮ ತಿಳಿದಿದೆ. ಕುಂದನ್ನು ಮೊದಲೇ ಹೇಳಿಬಿಟ್ಟವನ ಮೇಲೆ ಆಮೇಲೆ ದೂರು ಹೇಳಲು ಬಾಯಿಯೇ ಇರುವುದಿಲ್ಲ. ಗೊರಕೆಯಿಂದ ನಿದ್ದೆ ಬರಲಿಲ್ಲವೆಂದರೆ, ನಿಮ್ಮಪ್ಪನ ಎದುರಿಗೇ ಹೇಳಿದ್ದೆನಲ್ಲ ಎಂಬ ಉತ್ತರ ಸಿದ್ಧವಾಗಿರುತ್ತದೆ.

ವಿಮಾನ ಬಂದದ್ದು ಇಪ್ಪತ್ತೆರಡು ವರ್ಷಗಳ ಹಿಂದೆ. ಅವರು ಕಲಿತ ಕ್ಲಬ್ಬು ಬಾಗಿಲು ಹಾಕಿತು. ಅಲ್ಲಿ ಮೂಲೆಗೆ ಬಿದ್ದಿದ್ದ ಎರಡಾಸನದ, ಒಂದೇ ಎಂಜಿನ್ನಿನ, ಮೂತಿಯಲ್ಲಿ ಮರದ ಪಂಖ ಹೊತ್ತ ಹಳೆಯ ವಿಮಾನವನ್ನು ಗುಜರಿಯವರು ಎತ್ತುವ ಹಿಂದಿನ ದಿನ ಇವರು ಹೋಗಿ ಲಾರಿಗೆ ಹಾಕಿಸಿದರು. ಸುಲೋಚನಮ್ಮನಿಗಿಂತ ಅದು ಮೂರು ವರ್ಷಕ್ಕೆ ಚಿಕ್ಕದು. ರೆಕ್ಕೆಗಳನ್ನು ಕಳಚಿ ಪಕ್ಕಕ್ಕೆ ಒರಗಿಸಿಕೊಂಡು ಬಳ್ಳಾರಿ ರಸ್ತೆಯಲ್ಲಿ ಅದು ಬಂದಾಗ ಬಿ.ಜಿ. ಕೆರೆಯ ಜನ ಸಿನಿಮಾ ಶೂಟಿಂಗು ಎಂದುಕೊಂಡು ಹಿಂದೆ ಬಿದ್ದರು. ಮಿಲ್ಲನ್ನು ತಮ್ಮನಿಗೆ ಬಿಟ್ಟು, ಹೆಂಡತಿಯ ತವರಿನ ಹೊಲದಲ್ಲಿ ಮನೆ ಕಟ್ಟಿಸಿ, ಅಲ್ಲಿಯೇ ಕಾಯಿ ಒಣಗಿಸುವ ಶೆಡ್ಡಿನಂಥದೊಂದನ್ನು ಎಬ್ಬಿಸಿ, ವಿಮಾನವನ್ನು ಒಳಗೆ ನೂಕಿ, ಏಳು ವರ್ಷ ಅದರ ಹೊಟ್ಟೆ ಬಿಚ್ಚಿಕೊಂಡು ಕುಳಿತರು. ಶೇಂಗಾ ಬೆಳೆಯುತ್ತಿದ್ದ ಹೊಲದ ನಡುವೆ ಅರ್ಧ ಮೈಲಿ ಉದ್ದದ ಪಟ್ಟಿಯನ್ನು ರೋಲರು ಹಾಯಿಸಿ ಗಟ್ಟಿ ಮಾಡಿದರು. ತವರಿನವರು ಅರಿಶಿನ ಕುಂಕುಮಕ್ಕೆಂದು ಕೊಟ್ಟ ನೆಲದ ಮೇಲೆ ಚಕ್ರದ ಗುರುತು ಬಿದ್ದದ್ದನ್ನು ಸುಲೋಚನಮ್ಮ ಇನ್ನೂ ಕ್ಷಮಿಸಿಲ್ಲ.

ಅದನ್ನು ನೋಡಲು ಬಂದವರಿಗೆಲ್ಲ ಅವರು ಕುಂದುಗಳ ಪಾರಾಯಣ ಮಾಡುವುದನ್ನು ಆಕೆ ಸಾವಿರ ಸಲವಾದರೂ ಕೇಳಿರಬೇಕು. ಈಗ ಒಗ್ಗರಣೆ ಹಾಕುತ್ತ ಆಕೆಯೇ ಒಪ್ಪಿಸಬಲ್ಲಳು. ಇದಕ್ಕೆ ಸ್ವಿಚ್ಚು ಒತ್ತಿದರೆ ಎದ್ದೇಳುವ ಸೌಲಭ್ಯವಿಲ್ಲ. ಮುಂದೆ ಒಬ್ಬರು ನಿಂತು ಪಂಖವನ್ನು ಕೈಯಿಂದ ಬೀಸಬೇಕು, ಬೀಸಿದವರು ತಕ್ಷಣ ಹಿಂದೆ ಸರಿಯದಿದ್ದರೆ ಕೈ ಹೋಯಿತು. ನೆಲದ ಮೇಲೆ ಬಾಲ ಊರಿಕೊಂಡು ಮೂತಿ ಎತ್ತಿ ನಿಲ್ಲುವುದರಿಂದ ಎದುರಿಗೆ ಎಮ್ಮೆ ನಿಂತಿದ್ದರೂ ಕಾಣದು, ಹಾವಿನಂತೆ ಅತ್ತಿತ್ತ ಹೊರಳುತ್ತ ಹೋಗಬೇಕು. ಅಡ್ಡಗಾಳಿ ಬೀಸಿದರೆ ಮುನಿಸಿಕೊಳ್ಳುತ್ತದೆ. ಚೈತ್ರ ವೈಶಾಖದ ಬಿಸಿಲಲ್ಲಿ ಗಾಳಿ ತೆಳುವಾದಾಗ ಇಬ್ಬರನ್ನು ಕೂರಿಸಿಕೊಂಡರೆ ಏರುವುದೇ ಇಲ್ಲ, ಪಟ್ಟಿ ಮುಗಿಯುವವರೆಗೂ ಓಡಿ ಓಡಿ ಏದುಸಿರು ಬಿಡುತ್ತದೆ. ಬ್ರೇಕು ಇದೆಯೆಂದು ಹೇಳಬಹುದು, ನಂಬಬಾರದು. ಎದುರುಗಾಳಿಯಲ್ಲಿ ಹಾರುವಾಗ ಕೆಳಗೆ ಹೆದ್ದಾರಿಯಲ್ಲಿ ಹೋಗುವ ಬಸ್ಸು ಇದನ್ನು ಹಿಂದೆ ಹಾಕಿ ಹೋಗುತ್ತದೆ, ಬಸ್ಸಿನವರಿಗೆ ಅದು ಗೊತ್ತಾಗಿ ಕೈ ಬೀಸುವುದೂ ಉಂಟು.

ಇಷ್ಟಾದ ಮೇಲೆ ಗುಣಗಳು. ಕಾಯಿ ಕಿತ್ತ ಹೊಲ ಸಿಕ್ಕರೆ ಸಾಕು, ಎಲ್ಲಿ ಬೇಕಾದರೂ ಇಳಿಯುತ್ತದೆ. ಎಂಜಿನ್ನು ನಿಂತುಹೋದರೂ ಕಲ್ಲಿನಂತೆ ಬೀಳದೆ, ತೇಲುತ್ತ, ಯೋಚನೆ ಮಾಡಲು ಮೂರು ನಿಮಿಷ ಕೊಡುತ್ತದೆ. ಕಂಪ್ಯೂಟರು ಗಿಂಪ್ಯೂಟರು ಏನೂ ಇಲ್ಲ, ಏನು ಕೆಟ್ಟರೂ ಎರಡು ಸ್ಪ್ಯಾನರಿನಿಂದ ಸರಿಯಾಗುತ್ತದೆ. ವೇಗ ಕಳೆದುಕೊಂಡು ಬೀಳುವ ಹಂತಕ್ಕೆ ಬಂದರೆ ಮೊದಲು ಮೈಯೆಲ್ಲ ನಡುಗಿಸಿ ಎಚ್ಚರಿಸುತ್ತದೆ. ಇಲ್ಲಿಗೆ ಬಂದಾಗ ಮುರುಗೇಂದ್ರಪ್ಪನವರ ದನಿ ತಗ್ಗುತ್ತಿತ್ತು. "ಹೇಳದೇ ಕೇಳದೇ ಬೀಳೋ ವಸ್ತು ಅಲ್ಲ ಇದು" ಎನ್ನುವಾಗ ಅವರ ಮುಖದಲ್ಲಿ ಮೂಡುತ್ತಿದ್ದ ಮಾರ್ದವ ಮನೆಯ ಮನುಷ್ಯರ ವಿಷಯದಲ್ಲಿ ಮೂಡಿದ್ದನ್ನು ಸುಲೋಚನಮ್ಮ ನೋಡಿಲ್ಲ.

ಮನುಷ್ಯ ನೋಡಲು ಎತ್ತರ, ತೆಳು. ಮೇಲೆ ಚಳಿಯೆಂದು ಚಳ್ಳಕೆರೆಯ ಕಂಬಳಿಯನ್ನೇ ಕತ್ತರಿಸಿ ಹೊಲಿಸಿದ ಒಂದು ಕರಿಯ ಕೋಟು. ದರ್ಜಿ ಎರಡು ಸೂಜಿ ಮುರಿದು ಇನ್ನೊಮ್ಮೆ ಇಂಥ ಕೆಲಸ ತರಬೇಡಿರೆಂದು ಕೈಮುಗಿದಿದ್ದ. ಅದನ್ನು ಬೇಸಗೆಯಲ್ಲೂ ಕಳಚರು. ಅದರ ಜೇಬುಗಳಲ್ಲಿ ಸ್ಪ್ಯಾನರು, ತಾಮ್ರದ ತಂತಿ, ವಿಭೂತಿಯ ಗಟ್ಟಿ, ಅರ್ಧ ತಿಂದ ಬೆಲ್ಲದುಂಡೆ ಒಟ್ಟಿಗೇ ವಾಸಮಾಡುತ್ತಿದ್ದವು. ಕುದಾಪುರದ ಕಡೆ ದೊಡ್ಡ ದೊಡ್ಡ ಸಂಶೋಧನೆಯ ಕ್ಯಾಂಪಸ್ಸುಗಳು ಎದ್ದ ಮೇಲೆ ಹುಲ್ಲುಗಾವಲಿಗೆ ಬಿದ್ದಂತೆ ಆಕಾಶಕ್ಕೂ ಬೇಲಿ ಬಿತ್ತು. ಆ ಕಡೆ ಮೂತಿ ತಿರುಗಿಸುವಂತಿಲ್ಲ, ಇಂಥ ಭಾನುವಾರ ಇಷ್ಟು ಹೊತ್ತು ಇಷ್ಟೇ ಎತ್ತರ ಎಂದು ಪತ್ರ ಬರೆದು ಒಪ್ಪಿಗೆ ಪಡೆಯಬೇಕು. ಆ ಪತ್ರದಲ್ಲಿಯೂ ಅವರು ತಮ್ಮ ವಿಮಾನದ ಕುಂದುಗಳನ್ನು ಪಟ್ಟಿಮಾಡಿ ಕಳಿಸುತ್ತಿದ್ದರೆಂದು ತಿಳಿದಾಗ ಸುಲೋಚನಮ್ಮ ಹಣೆ ಚಚ್ಚಿಕೊಂಡಳು. ಒಪ್ಪಿಗೆ ಬಂದ ಭಾನುವಾರಗಳಂದು ಕ್ಯಾತಣ್ಣ ಬಂದು ಪಂಖ ಬೀಸುತ್ತಿದ್ದ. ಅರವತ್ತು ದಾಟಿದ, ಆ ಹೊಲವನ್ನು ಮೂವತ್ತು ವರ್ಷದಿಂದ ಉಳುತ್ತ ಬಂದ ಮನುಷ್ಯ ಅವನು. ವಿಮಾನಕ್ಕೆ ಮಿಡತೆ ಎಂದು ಹೆಸರಿಟ್ಟವನೂ ಅವನೇ.

ಈಗ ಸೂರಮ್ಮನ ವಿಷಯಕ್ಕೆ ಬರಬೇಕು, ಏಕೆಂದರೆ ಸುಲೋಚನಮ್ಮನ ಸಹನೆ ಕಡಿದುಬಿದ್ದದ್ದು ಅಲ್ಲಿ. ಸೂರಮ್ಮ ಮೊಳಕಾಲ್ಮೂರಿನ ನೇಕಾರಳು. ಮನೆಯ ಮಾತು ತೆಲುಗು, ಪೇಟೆಯ ಮಾತು ಕನ್ನಡ, ಮಗ್ಗದ ಮೇಲೆ ಕುಳಿತರೆ ಎರಡೂ ಇಲ್ಲ. ಆಕೆ ನೇಯ್ದ ರೇಷ್ಮೆ ಸೀರೆಯನ್ನು ಉಟ್ಟೇ ಸುಲೋಚನಮ್ಮ ಹಸೆಮಣೆ ಏರಿದ್ದು. ಅಂದಿನಿಂದ ಇಬ್ಬರಿಗೂ ಅಕ್ಕ ತಂಗಿಯರ ಬಳಕೆ. ನಾಲ್ಕೈದು ವರ್ಷದ ಹಿಂದೆ ವಿಮಾನದ ಎಡ ರೆಕ್ಕೆಯ ಹೊದಿಕೆಯನ್ನು ಇಲಿಗಳು ಕಡಿದುಹಾಕಿದವು. ಆ ರೆಕ್ಕೆ ತಗಡಿನದಲ್ಲ. ಪಕ್ಕೆಲುಬಿನಂಥ ಪಟ್ಟಿಗಳ ಮೇಲೆ ಗಟ್ಟಿ ಹತ್ತಿಬಟ್ಟೆಯನ್ನು ಹೊದಿಸಿ ಹೊಲಿದು, ಡೋಪು ಎಂಬ ಘಾಟು ವಾರ್ನಿಷನ್ನು ಬಳಿದರೆ ಬಟ್ಟೆ ಬಿಗಿದುಕೊಂಡು ತಮಟೆಯ ಚರ್ಮದಂತಾಗುತ್ತದೆ. ಹೊರದೇಶದಿಂದ ಬರಬೇಕಾದ ಬಟ್ಟೆ ಎಂಟು ತಿಂಗಳಾದರೂ ಬಾರದಿದ್ದಾಗ ಮುರುಗೇಂದ್ರಪ್ಪನವರು ಒಂದು ತುಣುಕು ಹಿಡಿದುಕೊಂಡು ಸೂರಮ್ಮನ ಮನೆಗೆ ಹೋದರು. ಒಂದು ಅಂಗುಲಕ್ಕೆ ಇಷ್ಟು ಎಳೆ, ಇಷ್ಟು ಬಿಗಿ, ಅಂಚು ಸೆರಗು ಏನೂ ಬೇಡ, ಬಿಳಿ ಬಟ್ಟೆ ಎಂದು ವಿವರಿಸಿದರು.

ಸೂರಮ್ಮ ಬಟ್ಟೆಯನ್ನು ಬೆರಳಲ್ಲಿ ತಿಕ್ಕಿ ನೋಡಿ, ಎಳೆಯ ಲೆಕ್ಕ ಆಗುತ್ತದೆ, ಅಂಚಿಲ್ಲದ್ದು ಆಗುವುದಿಲ್ಲ ಎಂದಳು. ಅಂಚಿಲ್ಲದ ಬಿಳಿ ಬಟ್ಟೆಯನ್ನು ಅವರ ಮನೆಯಲ್ಲಿ ಹೆಣಕ್ಕೆಂದೇ ನೇಯುವುದು. ಬದುಕಿರುವ ಮನುಷ್ಯ ಕೂತುಕೊಳ್ಳುವುದಕ್ಕೆ ಅದನ್ನು ಹೇಗೆ ಕೊಡುವುದು. ಮುರುಗೇಂದ್ರಪ್ಪನವರು ಇದು ಉಡುವ ಬಟ್ಟೆಯಲ್ಲ, ಯಂತ್ರದ ಬಿಡಿಭಾಗ ಎಂದು ಒಂದು ಗಂಟೆ ಹೇಳಿದರು. ಸೂರಮ್ಮ ಎಲ್ಲವನ್ನೂ ಕೇಳಿ ತಲೆಯಾಡಿಸಿದಳು. ನಲವತ್ತು ದಿನಕ್ಕೆ ಬಟ್ಟೆ ಬಂತು. ಎಳೆ ಎಣಿಸಿದರೆ ಕರಾರುವಾಕ್ಕು; ತಪಾಸಣೆಯ ಅಧಿಕಾರಿಗಳು ಜಗ್ಗಿ ನೋಡಿಸಿ ಮೂಲದ ಬಟ್ಟೆಗಿಂತ ಗಟ್ಟಿಯೆಂದು ಒಪ್ಪಿ ಬರೆದುಕೊಟ್ಟರು. ರೆಕ್ಕೆಗೆ ಹೊದಿಸಿ ವಾರ್ನಿಷು ಬಳಿದು ಬಿಸಿಲಿಗೆ ಇಟ್ಟಾಗಲೇ ಗೊತ್ತಾದದ್ದು: ಅಡಿಯಲ್ಲಿ ನಿಂತು ನೋಡಿದರೆ, ಬಿಳಿಯ ಮೇಲೆ ಬಿಳಿಯಾಗಿ, ಎರಡು ಬೆರಳಗಲದ ಒಂದು ರುದ್ರಾಕ್ಷಿ ಅಂಚು ರೆಕ್ಕೆಯ ಉದ್ದಕ್ಕೂ ಹರಿದಿತ್ತು. ಸುಲೋಚನಮ್ಮನಿಗೆ ಆ ರೆಕ್ಕೆಯ ಅಡಿಯಲ್ಲಿ ನಿಂತಾಗ ಕಣ್ಣಲ್ಲಿ ನೀರು ಬಂತು. ಅಷ್ಟು ವರ್ಷದಲ್ಲಿ ಮೊದಲ ಸಲ, ಯಾರೋ ಒಬ್ಬರು ಈ ವಸ್ತುವಿನ ಒಳಗೆ ತನ್ನ ಗಂಡ ಕುಳಿತಿರುತ್ತಾನೆಂಬುದನ್ನು ನೆನೆದು ಕೆಲಸ ಮಾಡಿದ್ದರು. ಮುರುಗೇಂದ್ರಪ್ಪನವರೂ ಅಂದು ನಕ್ಕು ಸುಮ್ಮನಾದರು.

ಒಂದು ವರ್ಷ ಕಳೆಯಿತು. ವಿಮಾನ ಇಳಿಯುವಾಗ ಎಡಕ್ಕೆ ಎಳೆಯತೊಡಗಿತು. ಮೊದಲು ಒಂದು ಮಾರು, ಆಮೇಲೆ ಎರಡು ಮಾರು. ಪಟ್ಟಿಯ ನಡುವೆ ಇಳಿಯಬೇಕಾದದ್ದು ಎಡಬದಿಯ ಸೀತಾಫಲದ ಗಿಡಗಳ ಕಡೆಗೆ ವಾಲಿ, ಒಮ್ಮೆ ಎಡಚಕ್ರ ಬದುವಿನ ಮೇಲೆ ಹತ್ತಿಯೇಬಿಟ್ಟಿತು. ಮುರುಗೇಂದ್ರಪ್ಪನವರು ಚಕ್ರ ಬಿಚ್ಚಿದರು, ಬಾಲ ಬಿಚ್ಚಿದರು, ತಂತಿಗಳನ್ನೆಲ್ಲ ಅಳೆದರು, ಏನೂ ಸಿಗಲಿಲ್ಲ. ಎಲ್ಲ ಬಿಟ್ಟ ಮೇಲೆ ಉಳಿದದ್ದು ಆ ಅಂಚು. ಅಂಚಿನಲ್ಲಿ ಎಳೆ ಹೆಚ್ಚು, ಎಳೆ ಹೆಚ್ಚಿದ್ದಲ್ಲಿ ಬಿಗಿ ಹೆಚ್ಚು, ಬಿಗಿ ಹೆಚ್ಚಿ ಎಡ ರೆಕ್ಕೆ ಕೂದಲೆಳೆಯಷ್ಟು ತಿರುಚಿಕೊಂಡಿದೆ ಎಂದು ಅವರು ನಿರ್ಧರಿಸಿದರು. ನಿರ್ಧರಿಸಿದ್ದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವ ಅಭ್ಯಾಸ ಅವರಿಗೆಲ್ಲಿಯದು? ಪಾರಾಯಣಕ್ಕೆ ಹೊಸದೊಂದು ಕುಂದು ಸೇರಿತು, ಬಂದವರಿಗೆಲ್ಲ ಮೊಳಕಾಲ್ಮೂರಿನ ಸೂರಮ್ಮನ ಅಂಚಿನಿಂದ ವಿಮಾನ ವಾಲುತ್ತದೆಂದು ಹೆಸರು ಹಿಡಿದು ಹೇಳತೊಡಗಿದರು. ಮೊಳಕಾಲ್ಮೂರಿನ ಬಸ್ ನಿಲ್ದಾಣದ ಹೋಟೆಲಿನಲ್ಲಿ ರೇಷ್ಮೆ ವ್ಯಾಪಾರಿಗಳ ನಡುವೆ ಕುಳಿತು, ಚಹಾ ಬಟ್ಟಲನ್ನು ವಿಮಾನ ಮಾಡಿ ತೋರಿಸಿ ಹೇಳಿದರು. ಅವರ ಮನಸ್ಸಿನಲ್ಲಿ ಇದು ನಿಂದೆಯಾಗಿರಲಿಲ್ಲ, ಯಂತ್ರಶಾಸ್ತ್ರವಾಗಿತ್ತು.

ಸೂರಮ್ಮನಿಗೆ ಅದು ಯಂತ್ರಶಾಸ್ತ್ರವಾಗಿ ಕೇಳಲಿಲ್ಲ. ಐವತ್ತು ವರ್ಷ ಮಗ್ಗದಲ್ಲಿ ಕುಳಿತವಳ ಅಂಚು ಸೊಟ್ಟ ಎಂದು ಪೇಟೆಯಲ್ಲಿ ಜನ ನಗುತ್ತ ಆಡಿಕೊಂಡರು. ಸೀರೆ ಕೊಳ್ಳಲು ಬಂದವರು ತಮಾಷೆಗೆಂದು ಅಂಚನ್ನು ನೆಲಕ್ಕೆ ಹಾಸಿ ಕಣ್ಣು ಕಿರಿದು ಮಾಡಿ ನೋಡಿದರು. ಆಕೆ ಸುಲೋಚನಮ್ಮನ ಮನೆಗೆ ಬರುವುದನ್ನು ನಿಲ್ಲಿಸಿದಳು. ಗೌರಿ ಹಬ್ಬಕ್ಕೆ ಕಳಿಸಿದ ಬಾಗಿನ ಹಿಂದಕ್ಕೆ ಬಂತು. ಸುಲೋಚನಮ್ಮ ಗಂಡನೊಡನೆ ಜಗಳವಾಡಿದಳು, ಅತ್ತಳು, ಮೂರು ದಿನ ಮಾತು ಬಿಟ್ಟಳು. ಯಾವುದಕ್ಕೂ ಜಗ್ಗದೆ, ಇದ್ದದ್ದನ್ನು ಇದ್ದ ಹಾಗೆ ಹೇಳುವುದರಲ್ಲಿ ತಪ್ಪೇನೆಂದು ಅವರು ನಿಜವಾಗಿಯೂ ಅರ್ಥವಾಗದೆ ಕೇಳಿದರು.

ಹೀಗೆ ಎರಡು ವರ್ಷ. ಈಚೆಗೆ ಅವರು ಮನೆಯಲ್ಲೂ ತೀರ ಬೇಜವಾಬ್ದಾರಿಯಾಗಿಬಿಟ್ಟಿದ್ದರು. ಪಕ್ಕದಲ್ಲಿಟ್ಟ ಮಜ್ಜಿಗೆಯ ಲೋಟವನ್ನು ಮೊಣಕೈಯಿಂದ ಉರುಳಿಸುವುದು, ಬಾಗಿಲ ಚೌಕಟ್ಟಿಗೆ ಭುಜ ಬಡಿದುಕೊಳ್ಳುವುದು, ಬಡಿಸಿದ ಚಟ್ನಿಯನ್ನು ಮುಟ್ಟದೆ ಎದ್ದು ಚಟ್ನಿಯೇ ಹಾಕಲಿಲ್ಲವೆಂದು ದೂರುವುದು. ತಲೆಯೆಲ್ಲ ಆ ಮಿಡತೆಯ ಮೇಲಿದ್ದರೆ ತಟ್ಟೆಯ ಮೇಲೆ ಗಮನ ಎಲ್ಲಿರುತ್ತದೆಂದು ಸುಲೋಚನಮ್ಮ ಬೈದು ಬೈದು ಸೋತಿದ್ದಳು. ಕಳೆದ ಮಾಘದಲ್ಲಿ ಹೊರದೇಶದ ಬಟ್ಟೆಯ ಕಟ್ಟು ಕೊನೆಗೂ ಬಂತು. ಸೋಮವಾರ ಬೆಳಿಗ್ಗೆ ಸೂರಮ್ಮನ ಬಟ್ಟೆಯನ್ನು ಕೊಯ್ದು ತೆಗೆಯುವುದೆಂದು ಮುರುಗೇಂದ್ರಪ್ಪನವರು ಸಾರಿದರು. ಕೊಯ್ದುಬಿಟ್ಟರೆ ಮುಗಿಯಿತು, ತಪ್ಪು ಸೂರಮ್ಮನದೇ ಎಂದು ಮೊಹರು ಬಿದ್ದ ಹಾಗೆ, ಆ ಹೆಂಗಸು ಸಾಯುವವರೆಗೂ ತನ್ನ ಹೊಸಿಲು ತುಳಿಯುವುದಿಲ್ಲವೆಂದು ಸುಲೋಚನಮ್ಮನಿಗೆ ಗೊತ್ತಿತ್ತು. ಆಕೆ ಚಳ್ಳಕೆರೆಗೆ ಫೋನು ಮಾಡಿ ದೀಪಿಕಾಳನ್ನು ಕರೆಸಿದಳು.

ದೀಪಿಕಾ ಮೈದುನನ ಮಗಳು. ದೊಡ್ಡಪ್ಪನ ಪಕ್ಕದ ಆಸನದಲ್ಲಿ ಕುಳಿತು ಆಕಾಶ ನೋಡಿ, ಅದೇ ಹುಚ್ಚು ಹತ್ತಿಸಿಕೊಂಡು, ಈಗ ಒಂದು ವಿಮಾನ ಶಾಲೆಯಲ್ಲಿ ಹಾರುವುದನ್ನು ಕಲಿಸುವ ಹುಡುಗಿ. ರಜೆಗೆಂದು ಊರಿಗೆ ಬಂದಿದ್ದಳು. ಆ ಭಾನುವಾರಕ್ಕೆ ಒಪ್ಪಿಗೆಯೂ ಇತ್ತು. ಕೊಯ್ಯುವ ಮುಂಚೆ ತಾನೊಮ್ಮೆ ಹಾರಿಸಿ ನೋಡುತ್ತೇನೆಂದಳು. ಕ್ಯಾತಣ್ಣ ಪಟ್ಟಿಯ ನಡುವೆ ಸುಣ್ಣದ ಗೆರೆ ಎಳೆದು, ಪಂಖ ಬೀಸಿ, ಹಿಂದೆ ಸರಿದು ನಿಂತ. ತಣ್ಣನೆಯ ಬೆಳಗಿನಲ್ಲಿ ವಿಮಾನ ಹಗುರವಾಗಿ ಎದ್ದು, ಹೊಲಗಳ ಮೇಲೆ ಒಂದು ಸುತ್ತು ಹಾಕಿ ಇಳಿಯಿತು. ಚಕ್ರಗಳು ಸುಣ್ಣದ ಗೆರೆಯ ಎರಡು ಬದಿಗೆ ಸಮನಾಗಿ ಬಿದ್ದವು. ಎರಡನೆಯ ಸಲವೂ ಹಾಗೆಯೇ, ಮೂರನೆಯ ಸಲವೂ ಹಾಗೆಯೇ. ಮುರುಗೇಂದ್ರಪ್ಪನವರು ಒಪ್ಪಲಿಲ್ಲ. ನಿನಗೆ ಗೊತ್ತಿಲ್ಲದೆಯೇ ಕಾಲಲ್ಲಿ ಬಲಗಡೆಯ ಪೆಡಲು ಒತ್ತುತ್ತಿದ್ದೀಯ, ಹರೆಯದ ಕಾಲು ಅದು ಎಂದು ಅವಳನ್ನು ಪಕ್ಕದ ಆಸನಕ್ಕೆ ಸರಿಸಿ, ತಾವೇ ಎಡಗಡೆಯ ಆಸನದಲ್ಲಿ ಕುಳಿತು ಎಬ್ಬಿಸಿದರು.

ಇಳಿಯುವಾಗ ಅದು ಎಂದಿನಂತೆ ಎಡಕ್ಕೆ ಬಂತು. ಇನ್ನೇನು ಗಿಡಗಳಿಗೆ ರೆಕ್ಕೆ ತಾಗಬೇಕು ಎನ್ನುವಾಗ ಮೂತಿ ಸಟ್ಟನೆ ಬಲಕ್ಕೆ ತಿರುಗಿತು. ತಿರುಗಿಸಿದ್ದು ದೀಪಿಕಾ ಎಂಬುದು ಕೆಳಗೆ ನಿಂತಿದ್ದ ಸುಲೋಚನಮ್ಮನಿಗೂ ತಿಳಿಯಿತು. ಎಂಜಿನ್ನು ನಿಂತಿತು. ಮುರುಗೇಂದ್ರಪ್ಪನವರು ಕೆಳಗಿಳಿದು, ಗೆದ್ದವರಂತೆ, ಎಡ ರೆಕ್ಕೆಯನ್ನು ತಟ್ಟಿ ನೋಡಿದೆಯಾ ಎಂದರು. ದೀಪಿಕಾಳ ಮುಖದಲ್ಲಿ ರಕ್ತವಿರಲಿಲ್ಲ.

"ದೊಡ್ಡಪ್ಪ, ಎಡಗಡೆ ಗಿಡ ಕಾಣ್ತಿದ್ವಾ ನಿಮಗೆ?"

ಗಿಡ ಎಲ್ಲಿಗೆ ಹೋಗುತ್ತವೆ ಎಂದು ಅವರು ಸಿಡುಕಿದರು. ಸುಲೋಚನಮ್ಮ ಕಾಫಿಯ ಲೋಟ ಹಿಡಿದುಕೊಂಡು ಹೋಗಿ ಅವರ ಪಕ್ಕದಲ್ಲಿ ನಿಂತಳು. ಅವರು ತೆಗೆದುಕೊಳ್ಳಲಿಲ್ಲ. ಅಂಚಿನ ಬಿಗಿಯ ವಿಷಯವನ್ನು ದೀಪಿಕಾಳಿಗೆ ಇನ್ನೊಮ್ಮೆ ವಿವರಿಸಿದರು, ಕ್ಯಾತಣ್ಣನಿಗೆ ಚಕ್ರಕ್ಕೆ ಕಲ್ಲಿಡಲು ಹೇಳಿದರು, ಕೋಟಿನ ಜೇಬು ತಡಕಿದರು. ಲೋಟದ ಬಿಸಿ ಸುಲೋಚನಮ್ಮನ ಬೆರಳು ಸುಡುತ್ತಿತ್ತು. ಆಮೇಲೆ ಅವರು ಮನೆಯ ದಿಕ್ಕಿಗೆ ನೋಡಿ, ಈ ಸುಲೋಚನಾ ಎಲ್ಲಿ ಹೋದಳು, ಕಾಫಿ ತರುತ್ತೇನೆಂದಿದ್ದಳು ಎಂದು ಗೊಣಗಿದರು.

ಆಕೆ ನಿಂತದ್ದು ಅವರ ಎಡಕ್ಕೆ, ಒಂದು ಮೊಳದ ದೂರದಲ್ಲಿ.

ಮಜ್ಜಿಗೆ, ಚೌಕಟ್ಟು, ಚಟ್ನಿ ಎಲ್ಲವೂ ಒಟ್ಟಿಗೇ ಬಂದು ಆಕೆಯ ಎದೆಗೆ ಬಡಿದವು. ಎಲ್ಲವೂ ಎಡಗಡೆಯವು. ಆಕೆ ಲೋಟವನ್ನು ನೆಲಕ್ಕಿಟ್ಟು, ಎದುರಿಗೆ ಬಂದು, ಜನರ ಮುಂದೆ ಗಂಡನ ಮೈ ಮುಟ್ಟದವಳು ಅಂಗೈಯಿಂದ ಅವರ ಬಲಗಣ್ಣನ್ನು ಮುಚ್ಚಿದಳು.

"ಈಗ ಏನು ಕಾಣ್ತೈತೆ ಹೇಳ್ರಿ."

ಅವರು ಕೈ ಸರಿಸಲು ನೋಡಿ, ತಟ್ಟನೆ ನಿಲ್ಲಿಸಿದರು. ಕ್ಯಾತಣ್ಣ ಕಲ್ಲು ಹಿಡಿದುಕೊಂಡು ಹಾಗೆಯೇ ಬಗ್ಗಿ ನಿಂತಿದ್ದ.

"ನಡುವೆ ಒಂದು ಹಪ್ಪಳದಗಲ ಐತೆ," ಎಂದರು ಕೊನೆಗೆ. "ಅದರಾಗೆ ನಿನ್ನ ಮೂಗುಬಟ್ಟು. ಸುತ್ತ ಏನೂ ಇಲ್ಲ."

ಚಳ್ಳಕೆರೆಯ ಕಣ್ಣಿನ ಡಾಕ್ಟರು ಇದಕ್ಕೆ ಕಣ್ಣಿನೊಳಗಿನ ಒತ್ತಡವೆಂದರು. ನೋವಿಲ್ಲದೆ, ಸದ್ದಿಲ್ಲದೆ ಅಂಚಿನಿಂದ ಒಳಕ್ಕೆ ತಿನ್ನುತ್ತ ಬರುತ್ತದಂತೆ, ಇನ್ನೊಂದು ಕಣ್ಣು ಚೆನ್ನಾಗಿದ್ದರೆ ಮನುಷ್ಯನಿಗೆ ಗೊತ್ತೇ ಆಗುವುದಿಲ್ಲವಂತೆ. ಹಾರುವವರಿಗೆಂದು ಮಾಡುವ ತಪಾಸಣೆಯಲ್ಲಿ ಹಿಂದಿನ ಸಲ ಎಲ್ಲ ಸರಿಯಾಗಿತ್ತು, ಮುಂದಿನದರ ಗಡುವು ಇನ್ನೂ ಬಂದಿರಲಿಲ್ಲ. ಹೋದದ್ದು ಮರಳಿ ಬರುವುದಿಲ್ಲ, ಉಳಿದದ್ದನ್ನು ಹನಿ ಹಾಕಿ ಕಾಪಾಡಿಕೊಳ್ಳಬೇಕು, ವಿಮಾನ ಇನ್ನು ನಡೆಸುವಂತಿಲ್ಲ. ಡಾಕ್ಟರು ಇಷ್ಟು ಹೇಳಿ ನಿಲ್ಲಿಸಿದರು. ಮುರುಗೇಂದ್ರಪ್ಪನವರು ಕುರ್ಚಿ ಬಿಟ್ಟು ಏಳಲಿಲ್ಲ. ಕುಂದುಗಳೆಲ್ಲ ಮುಗಿದ ಮೇಲೆ ಬರಬೇಕಾದ ಇನ್ನೊಂದು ಭಾಗಕ್ಕೆ ಕಾಯುತ್ತ, ಮುಖವನ್ನು ಮುಂದೆ ಚಾಚಿ ಕುಳಿತೇ ಇದ್ದರು. ಕೊನೆಗೆ ಸುಲೋಚನಮ್ಮನೇ ಕೋಟಿನ ತೋಳು ಹಿಡಿದು ಎಬ್ಬಿಸಿದಳು.

ಆಕೆಗೆ ಅವರ ಮೇಲೆ ಕನಿಕರ ಬರಬೇಕಿತ್ತು, ಬಂತು ಕೂಡ. ಅದಕ್ಕಿಂತ ಹೆಚ್ಚಾಗಿ ತನ್ನ ಮೇಲೆ ಸಿಟ್ಟು ಬಂತು. ಈ ಮನುಷ್ಯನ ಕುಂದುಗಳ ಪಟ್ಟಿ ಆಕೆಗೆ ಹೆಣ್ಣು ನೋಡಿದ ದಿನವೇ ಸಿಕ್ಕಿತ್ತು. ಪಟ್ಟಿ ಕೈಯಲ್ಲಿದೆಯಲ್ಲ ಎಂದುಕೊಂಡು ಆಕೆ ನಲವತ್ತೈದು ವರ್ಷ ಮನುಷ್ಯನನ್ನೇ ನೋಡುವುದನ್ನು ಬಿಟ್ಟಿದ್ದಳು. ಎರಡು ವರ್ಷ ಕಣ್ಣೆದುರಿಗೇ ಒಂದು ಕಣ್ಣು ಕುರುಡಾಗುತ್ತಿದ್ದರೆ, ಆಕೆ ಚಟ್ನಿಯ ವಿಷಯಕ್ಕೆ ಜಗಳವಾಡಿದ್ದಳು.

ಮರುದಿನ ಅವರು ಹೇಳದೆಯೇ ಕೋಟು ತೊಟ್ಟು ಸಿದ್ಧರಾದರು. ಇಬ್ಬರೂ ಬಸ್ಸು ಹಿಡಿದು ಮೊಳಕಾಲ್ಮೂರಿಗೆ ಹೋದರು. ಸೂರಮ್ಮ ಮಗ್ಗದ ಗುಂಡಿಯಲ್ಲಿ ಕುಳಿತಿದ್ದಳು. ಬಂದವರನ್ನು ನೋಡಿಯೂ ಲಾಳಿ ನಿಲ್ಲಿಸಲಿಲ್ಲ. ಮುರುಗೇಂದ್ರಪ್ಪನವರು ನಿಂತುಕೊಂಡೇ, ನಿನ್ನ ಬಟ್ಟೆಯಲ್ಲಿ ದೋಷವಿಲ್ಲ, ದೋಷ ನನ್ನ ಕಣ್ಣಿನಲ್ಲಿತ್ತು ಎಂದು ಹೇಳಿದರು. ಅವರ ದನಿ ಎಷ್ಟು ಸಣ್ಣದಾಗಿತ್ತೆಂದರೆ ಮಗ್ಗದ ಸದ್ದಿನಲ್ಲಿ ಅರ್ಧ ಕೇಳಿಸಲಿಲ್ಲ. ಲಾಳಿ ನಿಂತಿತು. ಸೂರಮ್ಮ ಮೊದಲು ಕೇಳಿದ್ದು, "ಪೂರ್ತಿ ಹೋಗೈತಾ?" ಎಂದು. ಮುಕ್ಕಾಲು ಎಂದರು. ಆಕೆ ಸ್ವಲ್ಪ ಹೊತ್ತು ಎಳೆಗಳನ್ನು ಸವರುತ್ತ ಕುಳಿತಳು.

"ಕಣ್ಣು ಹೋಗಿದ್ದಕ್ಕೆ ನನಗೂ ಬ್ಯಾಸರ ಐತೆ ಅಪ್ಪಾ," ಎಂದಳು. "ಆದ್ರೆ ಎರಡು ವರ್ಷ ಹೋಟ್ಲಾಗೆ ಕುಂತು ನನ್ನ ಹೆಸರು ಹೇಳಿದ್ರಿ. ಈಗ ಮನೆಯಾಗೆ ಬಂದು ಮೆಲ್ಲಗೆ ಹೇಳ್ತೀರಲ್ಲ, ಇದು ಯಾವ ನ್ಯಾಯ?"

ಸುಲೋಚನಮ್ಮ ಏನೋ ಹೇಳಲು ಬಾಯಿ ತೆರೆದಳು. ಮುರುಗೇಂದ್ರಪ್ಪನವರು ಆಗಲೇ ಹೊರಟಿದ್ದರು. ಬಸ್ ನಿಲ್ದಾಣದ ಹೋಟೆಲಿನಲ್ಲಿ ಹನ್ನೊಂದು ಗಂಟೆಯ ಜನವಿತ್ತು, ರೇಷ್ಮೆ ವ್ಯಾಪಾರಿಗಳು ತಮ್ಮ ಮೂಲೆಯಲ್ಲಿದ್ದರು. ಮುರುಗೇಂದ್ರಪ್ಪನವರು ಕುಳಿತುಕೊಳ್ಳಲಿಲ್ಲ. ಚಹಾ ಬಟ್ಟಲು ಕೈಗೆತ್ತಿಕೊಳ್ಳಲಿಲ್ಲ. ಕಂಬಳಿ ಕೋಟಿನ ಗುಂಡಿ ಹಾಕಿಕೊಂಡು, ಸೂರಮ್ಮನ ಅಂಚು ನೂಲು ಹಿಡಿದ ಹಾಗೆ ನೇರ ಇದೆ, ವಾಲಿದ್ದು ವಿಮಾನವಲ್ಲ ತಾನು, ತನ್ನ ಎಡಗಣ್ಣು ಹೋಗಿದೆ, ಗೊತ್ತಿಲ್ಲದೆ ಆ ಹೆಂಗಸಿನ ಮೇಲೆ ಹೊರಿಸಿದೆ, ಎಂದು ಹೇಳಿದರು. ಯಾರೋ ಒಬ್ಬರು, ಹೋಗಲಿ ಬಿಡ್ರಿ ಯಜಮಾನ್ರೆ, ಆಗಿದ್ದಾಯ್ತು ಎಂದರು. ಅವರು ಬಿಡಲಿಲ್ಲ. ಪಕ್ಕದ ಮೇಜಿಗೆ ಹೋಗಿ ಇನ್ನೊಮ್ಮೆ ಹೇಳಿದರು. ದೋಸೆ ಕಲ್ಲಿನ ಹತ್ತಿರ ನಿಂತವನಿಗೆ ಹೇಳಿದರು. ಹೊರಗೆ ಬಂದು ಬಸ್ಸಿಗೆ ಕಾಯುತ್ತಿದ್ದ, ವಿಮಾನವನ್ನೇ ನೋಡದ, ರಾಯದುರ್ಗದ ಕಡೆಯ ತೆಲುಗು ಜನರಿಗೂ ಹೇಳಿದರು. ಬಿಸಿಲು ಏರುತ್ತಿತ್ತು. ಸುಲೋಚನಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಒಂದು ಗಂಟೆ ಅವರ ಹಿಂದೆ ತಿರುಗಿದಳು. ಇಷ್ಟು ಸಾಕೆಂದು ಯಾರೂ ಈ ಮನುಷ್ಯನಿಗೆ ಕಲಿಸಲಿಲ್ಲವಲ್ಲ ಎಂದು ತಲೆ ಚಿಟ್ಟು ಹಿಡಿಯುವಷ್ಟು ಸಿಟ್ಟು ಬಂದರೂ, ನಿಲ್ದಾಣದ ಎದುರಿಗೇ ಇದ್ದ ಸೂರಮ್ಮನ ಮನೆಯ ಜಗುಲಿಯಿಂದ ಎಲ್ಲವೂ ಕಾಣುತ್ತಿದೆಯೆಂಬುದು ಆಕೆಗೆ ಗೊತ್ತಿತ್ತು.

ವಿಮಾನ ಈಗ ದೀಪಿಕಾಳದು. ಎರಡು ಮೂರು ತಿಂಗಳಿಗೊಮ್ಮೆ ಬಂದು ಹಾರಿಸುತ್ತಾಳೆ; ಎಡ ರೆಕ್ಕೆಯ ಬಟ್ಟೆಯನ್ನು ಯಾರೂ ಕೊಯ್ದಿಲ್ಲ. ಮುರುಗೇಂದ್ರಪ್ಪನವರು ಬಲಗಡೆಯ ಆಸನದಲ್ಲಿ ಕೈ ಮಡಿಸಿಕೊಂಡು ಕುಳಿತು, ಇಳಿಯುವವರೆಗೂ ಅವಳ ಕುಂದುಗಳನ್ನು ಹೇಳುತ್ತಾರೆ.

ತಮ್ಮ ಕುಂದುಗಳನ್ನು ತಾವೇ ಮೊದಲು ಹೇಳಿಕೊಳ್ಳುವ ಜನರನ್ನು ಲೋಕ ಪ್ರಾಮಾಣಿಕರೆಂದು ಕೊಂಡಾಡುತ್ತದೆ. ಅವರು ಪ್ರಾಮಾಣಿಕರೇ, ಸಂಶಯವಿಲ್ಲ. ಆದರೆ ಕಂಡದ್ದನ್ನೆಲ್ಲ ಹೇಳಿ ಮುಗಿಸಿದೆನೆಂಬ ನೆಮ್ಮದಿ ಅವರಿಗೆ ಎಷ್ಟು ದೊಡ್ಡದೆಂದರೆ, ಕಾಣದ್ದು ಒಂದು ಉಳಿದಿರಬಹುದೆಂದು ಅವರ ಬುದ್ಧಿಗೆ ಹೊಳೆಯುವುದೇ ಇಲ್ಲ. ಹಾಗೆ ಉಳಿದದ್ದು ಎಲ್ಲಿಗೂ ಹೋಗುವುದಿಲ್ಲ. ಆ ಬದಿಯಲ್ಲಿ ಯಾರು ನಿಂತಿರುತ್ತಾರೋ ಅವರ ಹೆಸರಿಗೆ ಬೀಳುತ್ತದೆ. ಇಂಥವರ ಜೊತೆಗೆ ಬಾಳುವವರು ಅವರ ಮಾತನ್ನು ಕೇಳಿದರೆ ಸಾಲದು, ಅವರಿಗೆ ಕಾಣದ ಕಡೆಗೆ ಆಗಾಗ ಹೋಗಿ ನಿಂತು, ನಾನು ಇಲ್ಲಿದ್ದೇನೆ ಎಂದು ಗಟ್ಟಿಯಾಗಿ ಹೇಳಬೇಕು.